ಎಕ್ಸ್‌ಎಸ್ ಇದೆಯಾ ಸರ್?

ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ರೆಡಿಮೇಡ್ ಕುರ್ತಾ ತಂದರೆ ತೋಳು ಕತ್ತರಿಸಲೇಬೇಕು, ಬಸ್ಸಲ್ಲಿ ಮೇಲಿನ ಕಂಬಿ ಕೈಗೆ ಸಿಗಲ್ಲ. ಅದೆಲ್ಲ ಅಭ್ಯಾಸವಾಗಿದೆ ಬಿಡಿ. ಆದ್ರೆ ಸಮುದ್ರದ ನಡುವೆ ಅಳತೆ ತಪ್ಪಿದರೆ ಏನಾಗುತ್ತೆ ಅಂತ ಗೊತ್ತಾಗಿದ್ದು ನೇತ್ರಾಣಿಯಲ್ಲಿ.

ಆಫೀಸಿನ ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋಗಿದ್ದೆ. ದೋಣಿಯಲ್ಲಿ ನನಗೆ ಸಿಕ್ಕಿದ್ದು ಮೀಡಿಯಂ ಸೈಜಿನ ಬಿಸಿಡಿ. ಅಂದ್ರೆ ಸಿಲಿಂಡರ್ ಕಟ್ಟಿಕೊಳ್ಳುವ, ಗಾಳಿ ತುಂಬಿಸಿ ತೇಲುವ ಜಾಕೆಟ್. ಪಟ್ಟಿಗಳನ್ನೆಲ್ಲ ಕೊನೇವರೆಗೆ ಎಳೆದರೂ ಸಡಿಲ. “ನೀರಿಗಿಳಿದ್ಮೇಲೆ ಸರಿಹೋಗುತ್ತೆ ಮೇಡಂ” ಅಂದ್ರು. ಇಳಿದು ಗಾಳಿ ತುಂಬಿಸಿದ್ದೇ ತಡ, ಜಾಕೆಟ್ ಮೇಲಕ್ಕೆ ಹೋಯ್ತು, ನಾನು ಅದರೊಳಗೆ ಕೆಳಕ್ಕೆ ಜಾರಿದೆ. ಕಿವಿ ಮುಚ್ಚಿತು. ತಲೆ ಹಿಂದಕ್ಕೆ ಎತ್ತಿದರೆ ಸಿಲಿಂಡರಿನ ವಾಲ್ವ್ ಬಡಿಯುತ್ತಿತ್ತು. ಗಾಬರಿಯಾಗಿ ವಾಪಸ್ ದೋಣಿ ಹತ್ತಿಬಿಟ್ಟೆ. ಉಳಿದವರು ಮೀನು ನೋಡಿ ಬಂದ್ರು. ನನಗೆ ಧೈರ್ಯ ಸಾಲದು ಅಂತ ಅಂದುಕೊಂಡು ಬೆಂಗಳೂರಿನ ತನಕ ಯಾರ ಹತ್ರಾನೂ ಮಾತಾಡಲಿಲ್ಲ.

ಮುಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಬುಕ್ ಮಾಡುವ ಮೊದಲೇ ಫೋನಲ್ಲಿ ಕೇಳಿದೆ: “ಎಕ್ಸ್‌ಎಸ್ ಬಿಸಿಡಿ ಇದೆಯಾ ಸರ್?” ಒಬ್ಬರು ನಕ್ಕರು. ಇನ್ನೊಬ್ಬರು ಎತ್ತರ, ತೂಕ, ಚಪ್ಪಲಿ ಸೈಜ್ ಕಳಿಸಿ ಅಂದ್ರು. ಅವರ ಹತ್ರಾನೇ ಹೋದೆ.

ಅಲ್ಲಿ ಕಲಿಸುವಾಕೆ ದಡದಲ್ಲೇ ಜಾಕೆಟ್ ಹಾಕಿಸಿ, ಗಾಳಿ ತುಂಬಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿದರು. ಕಿವಿಯವರೆಗೆ ಬಂದರೆ ದೊಡ್ಡದು, ಉಸಿರು ಕಟ್ಟಿದರೆ ಚಿಕ್ಕದು. ಎಕ್ಸ್‌ಎಸ್ ಸಿಗದಿದ್ದರೆ ಕಾಲ ಸಂದಿಯಿಂದ ಹಾಯಿಸುವ ಪಟ್ಟಿ ಕೇಳಿ, ಅದು ಜಾಕೆಟ್ ಮೇಲೇರದಂತೆ ಹಿಡಿಯುತ್ತೆ.

ಸಿಲಿಂಡರ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಸಾಮಾನ್ಯವಾಗಿ ಕೊಡುವ 80 ಕ್ಯೂಬಿಕ್ ಅಡಿಯ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ ಸುಮಾರು 14 ಕೆ.ಜಿ., ಉದ್ದ 66 ಸೆಂ.ಮೀ.ನಷ್ಟು. ನನ್ನಂಥವರಿಗೆ ಮೇಲೆ ಕಟ್ಟಿದರೆ ತಲೆಗೆ, ಕೆಳಗೆ ಕಟ್ಟಿದರೆ ಹಿಂಭಾಗಕ್ಕೆ ಬಡಿಯುತ್ತೆ. 63ರದ್ದು ಒಂದು ಗೇಣಿನ ಅರ್ಧದಷ್ಟು ಗಿಡ್ಡ, ಹಗುರ. ಗಾಳಿ ಕಮ್ಮಿಯಲ್ವಾ ಅಂದೆ. ಚಿಕ್ಕ ಮೈಯವರು ಸಾಮಾನ್ಯವಾಗಿ ಗಾಳಿಯನ್ನೂ ಕಮ್ಮಿ ಬಳಸ್ತಾರಂತೆ. ಆದರೂ ಗೇಜ್ ನೋಡ್ತಾ ಇರ್ಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ವೆಟ್‌ಸೂಟ್ ಕಾಲು ಉದ್ದವಾದ್ರೆ ಮಡಚಬಹುದು, ಆದ್ರೆ ಮೈಗೆ ಸಡಿಲ ಇರಬಾರದು. ಒಳಗೆ ಬೆಚ್ಚಗಾದ ನೀರು ಹೋಗಿ ತಣ್ಣೀರು ಬರ್ತಾನೇ ಇರುತ್ತೆ. ಫಿನ್ ಜಾರಿದರೆ ಸಾಕ್ಸ್ ತುರುಕೋದು ಬೇಡ, ಹಿಮ್ಮಡಿಗೆ ಪಟ್ಟಿ ಇರುವಂಥದ್ದನ್ನು ಬೂಟಿ ಹಾಕಿ ಬಿಗಿ ಮಾಡ್ಕೊಳ್ಳಿ.

ಈ ಸಲ ಕೆಳಗಿಳಿದಾಗ ಜಾಕೆಟ್ ನೆನಪೇ ಆಗಲಿಲ್ಲ. ಎದುರಿಗೆ ಗಿಳಿಮೀನಿನ ಹಿಂಡು ಬಂಡೆಯನ್ನು ಕಟಕಟ ಅಂತ ಕಡಿಯುತ್ತಿತ್ತು. ನೀರೊಳಗೆ ಆ ಸದ್ದು ಕೇಳುತ್ತೆ ಅಂತ ಹೋದ ವರ್ಷ ಯಾರೂ ಹೇಳಿರಲಿಲ್ಲ.