ಇಬ್ಬರು ಯಂತ್ರಮಾನವರು

ಚಿತ್ರಕಥೆಗಳನ್ನು ಓದುವುದು ಕಾಲಹರಣವೆಂದೂ ಅವುಗಳಲ್ಲಿ ಬರುವ ವಿಜ್ಞಾನವು ವಿಜ್ಞಾನವೇ ಅಲ್ಲವೆಂದೂ ಹಿರಿಯರು ಹೇಳುವುದುಂಟು. ಎರಡನೆಯ ಮಾತಿನಲ್ಲಿ ಬಹುಮಟ್ಟಿಗೆ ಸತ್ಯವಿದೆ. ಮೊದಲನೆಯದನ್ನು ನಾವು ಒಪ್ಪಲಾರೆವು. ಯಂತ್ರವು ಮಾಡುವ ಕೆಲಸಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಜಪಾನಿನ ಬಾಲಕರ ಮಾಸಪತ್ರಿಕೆಯೊಂದು ತನ್ನ ಓದುಗರ ಮುಂದೆ ತಿಂಗಳು ತಿಂಗಳೂ ಇಡುತ್ತಿತ್ತು. ಆ ಪತ್ರಿಕೆ ನಿಂತು ಅರ್ಧ ಶತಮಾನ ಕಳೆದಿದೆ. ಪ್ರಶ್ನೆ ಮಾತ್ರ ಇಂದು ನಮ್ಮ ವಿದ್ಯಾರ್ಥಿಗಳ ಮನೆಬಾಗಿಲಿಗೆ ಬಂದು ನಿಂತಿದೆ.

ಪತ್ರಿಕೆಯ ಹೆಸರು ‘ಷೋನೆನ್’. ಬಾಲಕ ಎಂದು ಅರ್ಥ. ಕೊಬುನ್‌ಷಾ ಎಂಬ ಪ್ರಕಾಶನ ಸಂಸ್ಥೆಯು ಇದನ್ನು 1946ರಲ್ಲಿ ಆರಂಭಿಸಿತು. ಜಪಾನು ಯುದ್ಧದಲ್ಲಿ ಸೋತು ಆಗ ಒಂದು ವರ್ಷ ಮಾತ್ರ ಕಳೆದಿತ್ತು. ಸಂಚಿಕೆಯಲ್ಲಿ ಕಥೆಗಳು, ಲೇಖನಗಳು ಮತ್ತು ಜಪಾನೀಯರು ‘ಮಂಗಾ’ ಎಂದು ಕರೆಯುವ ಚಿತ್ರಕಥೆಗಳು ಇರುತ್ತಿದ್ದುವು; ಅದರೊಡನೆ ಪುರವಣಿ ಪುಸ್ತಿಕೆಗಳೂ ಕಾಗದ ಕತ್ತರಿಸಿ ಜೋಡಿಸುವ ಆಟಿಕೆಗಳೂ ಬರುತ್ತಿದ್ದುವು. 1959ರಲ್ಲಿ ಬಾಲಕರ ವಾರಪತ್ರಿಕೆಗಳು ಹುಟ್ಟಿಕೊಂಡ ಮೇಲೆ ಮಾಸಪತ್ರಿಕೆಗಳ ಕಾಲ ಇಳಿಯತೊಡಗಿತು. 1968ರಲ್ಲಿ ‘ಷೋನೆನ್’ ನಿಂತುಹೋಯಿತು. ಅಷ್ಟರಲ್ಲಿ ಅದರ ಪುಟಗಳಿಂದ ಇಬ್ಬರು ಯಂತ್ರಮಾನವರು ಹೊರಬಂದು ಜಪಾನಿನ ಮನೆಮಾತಾಗಿದ್ದರು.

ಮೊದಲನೆಯವನು ಆಟಮ್. ಹೊರದೇಶಗಳಲ್ಲಿ ಇವನನ್ನು ‘ಆಸ್ಟ್ರೋ ಬಾಯ್’ ಎಂದು ಬಲ್ಲರು. ವೈದ್ಯವಿದ್ಯೆಯನ್ನು ಕಲಿತು ಚಿತ್ರಕಾರರಾದ ಒಸಾಮು ತೆಜುಕಾ ಅವರು 1952ರಿಂದ 1968ರವರೆಗೆ ಇವನ ಕಥೆಯನ್ನು ಬರೆದರು. ತೆನ್ಮಾ ಎಂಬ ವಿಜ್ಞಾನಿಯು ಅಪಘಾತದಲ್ಲಿ ಸತ್ತ ತನ್ನ ಮಗನ ರೂಪದಲ್ಲಿ ಒಬ್ಬ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಅವನು ನಿಜವಾದ ಹುಡುಗನಂತೆ ಬೆಳೆಯುವುದಿಲ್ಲವೆಂದು ಕೋಪಗೊಂಡು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಓಚಾನೊಮಿಜು ಎಂಬ ದಯಾಳುವಾದ ಪ್ರಾಧ್ಯಾಪಕನು ಅವನನ್ನು ಬಿಡಿಸಿ ಸಾಕುತ್ತಾನೆ. ಆಟಮ್‌ನಿಗೆ ಒಂದು ಲಕ್ಷ ಅಶ್ವಶಕ್ತಿಯ ಬಲವಿದೆ; ಒಳಗಿರುವುದು ಪರಮಾಣು ಶಕ್ತಿ. ತಂಗಿಯ ಹೆಸರು ಯುರಾನ್, ತಮ್ಮನ ಹೆಸರು ಕೋಬಾಲ್ಟ್. ಹಿರೋಷಿಮಾ, ನಾಗಸಾಕಿಗಳ ಗಾಯ ಇನ್ನೂ ಹಸಿಯಾಗಿದ್ದ ನಾಡಿನಲ್ಲಿ ಮಕ್ಕಳ ಮೆಚ್ಚಿನ ನಾಯಕನಿಗೆ ಪರಮಾಣುವಿನ ಹೆಸರು ಬಂದುದು ಅಚ್ಚರಿಯ ಸಂಗತಿ. ಆದರೆ ಇವನ ನಿಜವಾದ ಹಿರಿಮೆ ಬಲದಲ್ಲಿಲ್ಲ. ಒಳ್ಳೆಯದು ಕೆಟ್ಟದ್ದನ್ನು ಇವನು ತಾನೇ ವಿವೇಚಿಸಬಲ್ಲನು. ಇವನಿಗೆ ಅಂತಃಕರಣವಿದೆ.

ಎರಡನೆಯವನು ‘ತೆತ್ಸುಜಿನ್ 28’, ಎಂದರೆ ಇಪ್ಪತ್ತೆಂಟನೆಯ ಕಬ್ಬಿಣದ ಮನುಷ್ಯ. ಮಿತ್ಸುತೆರು ಯೊಕೊಯಾಮಾ ಅವರು ಇವನ ಕಥೆಯನ್ನು ಅದೇ ಪತ್ರಿಕೆಯಲ್ಲಿ 1956ರಿಂದ 1966ರವರೆಗೆ ನಡೆಸಿದರು. ಯುದ್ಧಕಾಲದಲ್ಲಿ ಸೈನ್ಯದ ರಹಸ್ಯ ಆಯುಧವಾಗಿ ರೂಪಿಸಿದ ಈ ದೈತ್ಯನಿಗೆ ಸ್ವಂತ ಬುದ್ಧಿಯೇ ಇಲ್ಲ. ಷೋತಾರೋ ಎಂಬ ಹುಡುಗನು ಒಂದು ಪುಟ್ಟ ನಿಯಂತ್ರಣ ಪೆಟ್ಟಿಗೆಯಿಂದ ಇವನನ್ನು ದೂರದಿಂದಲೇ ನಡೆಸುತ್ತಾನೆ. ಪೆಟ್ಟಿಗೆ ಹುಡುಗನ ಕೈಯಲ್ಲಿದ್ದರೆ ದೈತ್ಯನು ಊರನ್ನು ಕಾಯುತ್ತಾನೆ; ದುಷ್ಟರ ಕೈಗೆ ಬಿದ್ದರೆ ಅದೇ ದೈತ್ಯನು ಅದೇ ಊರನ್ನು ಪುಡಿಗುಟ್ಟುತ್ತಾನೆ.

ಈ ಕಥೆಗಳ ಭೌತವಿಜ್ಞಾನ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ವಾಚಕರು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. ಒಂದು ಲಕ್ಷ ಅಶ್ವಶಕ್ತಿ ಎಂದರೆ 74,600 ಕಿಲೋವಾಟ್. ಇದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಉಷ್ಣವಾಗಿ ವ್ಯರ್ಥವಾಗುತ್ತದೆಂದು ಭಾವಿಸೋಣ. ಇಷ್ಟು ದಕ್ಷವಾದ ಎಂಜಿನು ಎಲ್ಲಿಯೂ ಇಲ್ಲ. ಆದರೂ ಸೆಕೆಂಡಿಗೆ 746 ಕಿಲೋಜೂಲ್ ಉಷ್ಣ ಆ ದೇಹದಲ್ಲಿ ಸೇರುತ್ತದೆ. 30 ಕಿಲೋಗ್ರಾಂ ಉಕ್ಕನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 13.5 ಕಿಲೋಜೂಲ್ ಸಾಕು. ಎಂದರೆ ನಮ್ಮ ಬಾಲಕನ ಮೈ ಸೆಕೆಂಡಿಗೆ 55 ಡಿಗ್ರಿಯಂತೆ ಕಾಯುತ್ತ, ಎರಡೇ ಸೆಕೆಂಡುಗಳಲ್ಲಿ ನೀರು ಕುದಿಯುವ ಉಷ್ಣತೆಯನ್ನು ದಾಟಿಬಿಡುತ್ತದೆ! ಕಥೆಯನ್ನು ಆನಂದಿಸಿ, ಬಳಿಕ ಇಂತಹ ಲೆಕ್ಕವನ್ನೂ ಮಾಡುವ ಹುಡುಗನಿಗೆ ಚಿತ್ರಕಥೆಯಿಂದ ಯಾವ ಹಾನಿಯೂ ಆಗದು.

ಲೆಕ್ಕ ತಪ್ಪಿದ ಕಥೆಯಲ್ಲೂ ವಿಚಾರ ಸರಿಯಾಗಿರಬಹುದು. 1964-65ರಲ್ಲಿ ತೆಜುಕಾ ಅವರು ಬರೆದ ಒಂದು ದೀರ್ಘ ಕಥೆಯಲ್ಲಿ, ಜಗತ್ತಿನಲ್ಲೇ ಬಲಿಷ್ಠನಾದ ಯಂತ್ರಮಾನವನು ತನ್ನವನಾಗಿರಬೇಕೆಂದು ಒಬ್ಬ ಸುಲ್ತಾನನು ಹಂಬಲಿಸುತ್ತಾನೆ. ಅವನ ಯಂತ್ರವನ್ನು ಎದುರಿಸಲು ಆಟಮ್‌ನ ಬಲವನ್ನು ಹತ್ತು ಲಕ್ಷ ಅಶ್ವಶಕ್ತಿಗೆ ಏರಿಸಲಾಗುತ್ತದೆ. ಅದರಿಂದ ಯಾವ ಸಮಸ್ಯೆಯೂ ತೀರುವುದಿಲ್ಲ; ಒಳ್ಳೆಯ ಯಂತ್ರಗಳು ಒಂದೊಂದಾಗಿ ನಾಶವಾಗುತ್ತವೆ. ಅಣ್ವಸ್ತ್ರಗಳ ಪೈಪೋಟಿ ನಡೆಯುತ್ತಿದ್ದ ಆ ದಿನಗಳಲ್ಲಿ ಬಾಲಕರಿಗೆ ಇದಕ್ಕಿಂತ ಸರಳವಾಗಿ ಆ ವಿಷಯವನ್ನು ತಿಳಿಸುವುದು ಸಾಧ್ಯವಿತ್ತೆ?

ಈಗ ನಮ್ಮ ಮುಖ್ಯ ವಾದಕ್ಕೆ ಬರೋಣ. ಇಂದು ಜಗತ್ತಿನಲ್ಲಿರುವ ಯಂತ್ರಗಳು ಈ ಇಬ್ಬರಲ್ಲಿ ಯಾರ ವಂಶದವು? ಎಲ್ಲವೂ ಕಬ್ಬಿಣದ ಮನುಷ್ಯನ ವಂಶದವೇ ಎಂದು ನಮ್ಮ ದೃಢವಾದ ಅಭಿಪ್ರಾಯ. 2011ರ ಮಾರ್ಚ್ ತಿಂಗಳಿನಲ್ಲಿ ಭೂಕಂಪ ಮತ್ತು ಸುನಾಮಿಯಿಂದ ಫುಕುಷಿಮಾದ ಪರಮಾಣು ಸ್ಥಾವರ ಕೆಟ್ಟಾಗ, ಮನುಷ್ಯರು ಕಾಲಿಡಲಾರದ ಆ ಕಟ್ಟಡಗಳೊಳಕ್ಕೆ ಮೊದಲು ಹೋದುವು ಅಮೆರಿಕದಲ್ಲಿ ತಯಾರಾದ, ದೂರದಿಂದ ನಡೆಸುವ ಯಂತ್ರಗಳು. ಜೂನ್ ತಿಂಗಳಿನಲ್ಲಿ ಜಪಾನಿನದೇ ಆದ ‘ಕ್ವಿನ್ಸ್’ ಒಳಹೊಕ್ಕಿತು. ಅಕ್ಟೋಬರಿನಲ್ಲಿ ಅದರ ಸಂಪರ್ಕದ ತಂತಿ ಕೆಟ್ಟಿತು. ಕ್ವಿನ್ಸ್ ಅಲ್ಲಿಯೇ ಉಳಿಯಿತು. ಆಟಮ್‌ನ ತವರಿನಲ್ಲಿ, ಪರಮಾಣು ಸ್ಥಾವರದ ವಿಪತ್ತಿನಲ್ಲಿ, ನೆರವಿಗೆ ಬಂದವನು ಆಟಮ್ ಅಲ್ಲ. ತಂತಿಯ ತುದಿಯಲ್ಲಿದ್ದ ತೆತ್ಸುಜಿನ್. ಅವನ ಧೈರ್ಯವೆಲ್ಲ ತಂತಿಯ ಈಚೆ ಕುಳಿತಿದ್ದ ಮನುಷ್ಯರದು.

ಇದಕ್ಕೆ ಒಂದು ಆಕ್ಷೇಪವುಂಟು. ಇಂದಿನ ಗಣಕಯಂತ್ರಗಳು ತಾವಾಗಿಯೇ ಕಲಿಯುತ್ತವೆ, ಪ್ರಶ್ನೆಗೆ ಉತ್ತರ ಕೊಡುತ್ತವೆ, ಪ್ರಬಂಧ ಬರೆಯುತ್ತವೆ. ಅವು ಏನು ಹೇಳುವುವೆಂದು ಕಟ್ಟಿದವರೇ ಮುಂದಾಗಿ ಹೇಳಲಾರರು. ಆದುದರಿಂದ ಅವು ಆಟಮ್‌ನ ಜಾತಿಯವಲ್ಲವೆ? ಎಂದು ಕೇಳಬಹುದು. ಇಲ್ಲಿ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ. ಮುಂದಾಗಿ ಹೇಳಲಾಗದಿರುವುದು ಒಂದು, ವಿವೇಕವಿರುವುದು ಮತ್ತೊಂದು. ಪಗಡೆಯ ದಾಳ ಹೇಗೆ ಬೀಳುವುದೆಂದು ಯಾರೂ ಹೇಳಲಾರರು. ಹಾಗೆಂದು ಸೋತ ಪಣಕ್ಕೆ ದಾಳವನ್ನು ಹೊಣೆಮಾಡಿದವರಿಲ್ಲ. ಪಣವಿಟ್ಟವನೇ ಹೊಣೆ.

ಈ ಭೇದವನ್ನು ಮರೆತರೆ ಆಗುವ ಕೇಡು ಸಣ್ಣದಲ್ಲ. ಸಾಲ ನಿರಾಕರಿಸಿದ ಬ್ಯಾಂಕು ‘ಯಂತ್ರ ಹಾಗೆ ಹೇಳಿತು’ ಎನ್ನುತ್ತದೆ. ಗುರಿತಪ್ಪಿ ಬಾಂಬು ಹಾಕಿದ ಸೈನ್ಯವೂ ಹಾಗೆಯೇ ಹೇಳೀತು. ಯಂತ್ರದಿಂದ ಬರೆಸಿದ ಉತ್ತರವನ್ನು ತಂದುಕೊಟ್ಟ ವಿದ್ಯಾರ್ಥಿಯೂ, ತಪ್ಪನ್ನು ತೋರಿಸಿದಾಗ, ಅದನ್ನೇ ಹೇಳುತ್ತಾನೆ. ಕೈಯಲ್ಲಿ ಪೆಟ್ಟಿಗೆ ಹಿಡಿದವರೆಲ್ಲರೂ ತಮ್ಮ ಯಂತ್ರವು ಆಟಮ್ ಎಂದು ನಟಿಸಿದರೆ, ತಪ್ಪುಗಳಿಗೆ ಒಡೆಯನೇ ಇಲ್ಲದ ಲೋಕ ನಮ್ಮದಾಗುತ್ತದೆ. ಷೋತಾರೋ ಒಬ್ಬ ಹುಡುಗ. ಆದರೂ ತನ್ನ ದೈತ್ಯನು ಮಾಡಿದುದಕ್ಕೆ ತಾನೇ ಹೊಣೆಯೆಂದು ಅವನು ಬಲ್ಲನು.

ವಿಜ್ಞಾನವನ್ನು ಕಲಿಯುತ್ತಿರುವ ತರುಣರು ಹೊಸ ಯಂತ್ರದ ಸುದ್ದಿ ಕೇಳಿದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ, ಇದರ ಉಷ್ಣ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರವನ್ನು ನಾವು ತರಗತಿಯಲ್ಲಿ ಕಲಿಸಬಲ್ಲೆವು. ಇದರ ಪೆಟ್ಟಿಗೆ ಯಾರ ಕೈಯಲ್ಲಿದೆ ಎಂಬುದು ಎರಡನೆಯದು. ಇದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಆದರೆ ಇನ್ನು ಕೆಲವೇ ವರ್ಷಗಳಲ್ಲಿ ಆ ಪೆಟ್ಟಿಗೆ ನಿಮ್ಮ ಕೈಗೇ ಬರಲಿದೆ.