ಅದು ಶಾಪವಲ್ಲ, ಬೇಡಿಕೆ



ಈಜಿಪ್ಟಿನಲ್ಲಿ ಹಳೆಯ ಶವಪೆಟ್ಟಿಗೆ ಸಿಕ್ಕಿತೆಂಬ ಸುದ್ದಿ ಬಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ 'ಮಮ್ಮಿಯ ಶಾಪ' ಓಡಾಡತೊಡಗುತ್ತದೆ. 2020ರಲ್ಲಿ ಸಕ್ಕಾರದಲ್ಲಿ 59 ಪೆಟ್ಟಿಗೆಗಳು ಸಿಕ್ಕಾಗ, 'ಕೊರೋನಾ ಸಾಲದೇ, ಅದನ್ನೂ ತೆರೆಯಬೇಕೇ?' ಎಂದು ಜನ ನಕ್ಕರು. ಈ ನಗು ನಮಗೆ ಸರಿಕಾಣುವುದಿಲ್ಲ.

ಆ ಪೆಟ್ಟಿಗೆಗಳ ಮೇಲೆ ಏನು ಬರೆದಿದೆ ಎಂದು ಕೇಳಿದವರೆಷ್ಟು ಮಂದಿ? ಸಕ್ಕಾರದವಕ್ಕಿಂತಲೂ ಹಳೆಯ, ಸುಮಾರು 4000 ವರ್ಷಗಳ ಹಿಂದಿನ ಮರದ ಪೆಟ್ಟಿಗೆಗಳನ್ನೇ ನೋಡಿ. ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಒಂದು ಬೇಡಿಕೆ: ಸತ್ತವರಿಗೆ ರೊಟ್ಟಿ, ಬಿಯರ್, ಮಾಂಸ, ಬಟ್ಟೆ ಸಿಗಲಿ. ಜೊತೆಗೆ ಅವರ ಹೆಸರು. ಪೆಟ್ಟಿಗೆಯ ಪಕ್ಕದಲ್ಲಿ ಎರಡು ಕಣ್ಣು ಬರೆಯುತ್ತಿದ್ದರು. ಒಳಗೆ ಎಡಮಗ್ಗುಲಾಗಿ ಮಲಗಿಸಿದ ದೇಹದ ಮುಖ ಆ ಕಣ್ಣುಗಳ ಕಡೆಗೇ ಇರುತ್ತಿತ್ತು. ಸತ್ತವರು ಪೂರ್ವಕ್ಕೆ ನೋಡಿ ಸೂರ್ಯೋದಯ ಕಾಣಲಿ ಎಂಬುದು ಮನೆಯವರ ಆಸೆ. ಇದರಲ್ಲಿ ಶಾಪ ಎಲ್ಲಿದೆ?

'ಸಮಾಧಿಗಳಲ್ಲಿ ಬೆದರಿಕೆಯ ಮಾತುಗಳೂ ಇವೆಯಲ್ಲ' ಎನ್ನಬಹುದು. ಕೆಲವು ಕಡೆ ಇವೆ, ನಿಜ. ಅವು ಮುಖ್ಯವಾಗಿ ಸಮಾಧಿಯನ್ನು ಕೆಡಿಸುವವರಿಗೆ ಹೇಳಿದ ಮಾತು. ನಮ್ಮ ಸಿಮಿಟ್ರಿಯ ಶಿಲುಬೆ ಮುರಿದವನನ್ನು ನಾವೇನು ಹರಸುತ್ತೇವೆಯೇ?

ತುತಂಖಾಮನ್‌ನ ಸಮಾಧಿಯನ್ನು 1922ರಲ್ಲಿ ಪತ್ತೆಮಾಡಿದ ಹೊವಾರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದರು. ಆ ಕೆಲಸಕ್ಕೆ ಹಣ ಕೊಟ್ಟ ಕಾರ್ನಾರ್ವನ್ 1923ರಲ್ಲಿ ತೀರಿಕೊಂಡದ್ದು ಸೊಳ್ಳೆ ಕಚ್ಚಿದ ಗಾಯ ನಂಜಾಗಿ. ಅದನ್ನು ಶಾಪವೆಂದು ಊರೂರಿಗೆ ಹಬ್ಬಿಸಿದ್ದು ಪತ್ರಿಕೆಗಳು. ಇಂದು ಆ ಕೆಲಸವನ್ನು ನಮ್ಮ ಬೆರಳುಗಳು ಮಾಡುತ್ತಿವೆ.

ಈಜಿಪ್ಟಿನವರ ದೇವರುಗಳನ್ನು ನಾವು ಆರಾಧಿಸುವುದಿಲ್ಲ. ಆದರೆ ಅವರ ಸತ್ತವರನ್ನು ಗೇಲಿಮಾಡಲು ನಮ್ಮ ವಿಶ್ವಾಸ ನಮಗೆ ಅನುಮತಿ ಕೊಟ್ಟಿಲ್ಲ. ಆದಿಕಾಂಡದ ಕೊನೆಯ ವಚನವನ್ನು ತೆರೆದು ಓದಿ. ಜೋಸೆಫನ ದೇಹಕ್ಕೆ ಸುಗಂಧದ್ರವ್ಯ ತುಂಬಿ, ಈಜಿಪ್ಟಿನಲ್ಲೇ ಪೆಟ್ಟಿಗೆಯಲ್ಲಿ ಇಟ್ಟರೆಂದು ಅಲ್ಲಿದೆ. ಆ ಪೆಟ್ಟಿಗೆಯನ್ನೂ ದೆವ್ವದ ಸಾಮಾನು ಎನ್ನೋಣವೇ?

ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ತೀರಿಹೋದವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಹೆಸರು ಅಳಿಯಬಾರದೆಂಬ ಆಸೆ ಆ ಮರದ ಪೆಟ್ಟಿಗೆ ಮಾಡಿಸಿದವರಿಗೂ ಇತ್ತು. ವಿಶ್ವಾಸ ಬೇರೆ, ಸಂಕಟ ಒಂದೇ.

ಇನ್ನು ಮುಂದೆ ಅಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸದಿರೋಣ. ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳೋಣ: ಆ ಪೆಟ್ಟಿಗೆಯಲ್ಲಿ ಮಲಗಿದ್ದವರ ಹೆಸರೇನು?