ಎಸಿಗೆ ಎತ್ತಿಟ್ಟ ದುಡ್ಡನ್ನು ತಾರಸಿಗೆ ಹಾಕಿ

ಸ್ವಂತ ಮನೆ ಕಟ್ಟಿಸುವವರಲ್ಲಿ, ಕಟ್ಟುವ ಮೇಸ್ತ್ರಿಗಳಲ್ಲಿ, ಪಂಚಾಯಿತಿ ಸದಸ್ಯರಲ್ಲಿ ಒಂದು ಮನವಿ

ಸೈಟಿಗೆ ಬೇಲಿ ಬಿದ್ದ ಮರುದಿನವೇ ವಿಚಾರಣೆ ಶುರುವಾಗುತ್ತದೆ. ಕಬ್ಬಿಣ ಟನ್ನಿಗೆ ಎಷ್ಟು, ಸಿಮೆಂಟ್ ಚೀಲಕ್ಕೆ ಎಷ್ಟು, ಮೇಸ್ತ್ರಿ ಚದರಕ್ಕೆ ಎಷ್ಟು ಕೇಳುತ್ತಾರೆ? ವಾಸ್ತು ನೋಡುವವರು ಬಂದು ಬಾಗಿಲು ಎಲ್ಲಿ, ಒಲೆ ಎಲ್ಲಿ ಎಂದು ಹೇಳಿ ಹೋಗುತ್ತಾರೆ. ಟೈಲ್ಸ್ ಅಂಗಡಿಯಲ್ಲಿ ಇಡೀ ಸಂಸಾರ ಅರ್ಧ ದಿನ ಕಳೆಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮಹಡಿ ಕೋಣೆಯಲ್ಲಿ ಮನುಷ್ಯರು ಕೂರಲು ಆದೀತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗೃಹಪ್ರವೇಶದ ನಂತರದ ಮೊದಲ ಬೇಸಿಗೆ ಅದಕ್ಕೆ ಉತ್ತರ ಕೊಡುತ್ತದೆ. ಆ ವರ್ಷ ಫ್ಯಾನು ಐದರಲ್ಲಿ ತಿರುಗುತ್ತದೆ, ಮುಂದಿನ ವರ್ಷ ಕೂಲರ್ ಬರುತ್ತದೆ, ಅದರ ಮುಂದಿನ ವರ್ಷ ಕಂತಿನ ಮೇಲೆ ಎಸಿ.

ನಮ್ಮ ಊರುಗಳಲ್ಲಿ ಬಹುಪಾಲು ಮನೆಗಳು ಏಳುವುದು ಆರ್ಕಿಟೆಕ್ಟ್ ಇಲ್ಲದೆ, ಬಿಲ್ಡರ್ ಇಲ್ಲದೆ. ಮನೆಯವರು, ಮೇಸ್ತ್ರಿ, ಗೀಚಿದ ಒಂದು ಹಾಳೆ, ಅಷ್ಟೇ. ಇದನ್ನು ಕೊರತೆ ಎನ್ನುವವರಿದ್ದಾರೆ. ನಮ್ಮ ಲೆಕ್ಕದಲ್ಲಿ ಇದೇ ಅನುಕೂಲ. ಬಿಲ್ಡರ್ ಕಟ್ಟಿ ಮಾರಿ ಹೋಗುತ್ತಾರೆ, ಬಿಲ್ಲು ತೆರುವವರು ಬೇರೆಯವರು. ನೀವಾದರೆ ಕಟ್ಟಿಸಿ ನೀವೇ ಇರುವವರು, ಮುಂದಿನ ಮೂವತ್ತು ನಲವತ್ತು ಬೇಸಿಗೆ ಆ ಸೂರಿನ ಕೆಳಗೆ ಮಲಗುವವರು. ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇವೆ: ಎಸಿ, ಇನ್ವರ್ಟರ್, ಸೋಲಾರ್ ಎಂದು ಮನಸ್ಸಿನಲ್ಲಿ ಎತ್ತಿಟ್ಟ ದುಡ್ಡಿನ ಮೊದಲ ಪಾಲನ್ನು ತಾರಸಿಗೆ ಕೊಡಿ, ಆಮೇಲೆ ಕಿಟಕಿಗೆ, ಆಮೇಲೆ ಗೋಡೆಗೆ. ಯಂತ್ರಗಳ ಸರದಿ ಕೊನೆಗೆ ಬರಲಿ.

ಬಿಸಿಲು ಬೀಳುವುದೆಲ್ಲಿ?

ಕರ್ನಾಟಕ ಇರುವುದು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಮೊದಲ ಸಲ ಏಪ್ರಿಲ್ ಕೊನೆಯ ಹೊತ್ತಿಗೆ, ಕಲಬುರಗಿಯಲ್ಲಿ ಮೇ ತಿಂಗಳ ಎರಡನೆಯ ವಾರದ ಆಸುಪಾಸು. ಎರಡನೆಯ ಸಲ ಆಗಸ್ಟಿನಲ್ಲಿ, ಆದರೆ ಅಷ್ಟು ಹೊತ್ತಿಗೆ ಮೋಡ ಕವಿದಿರುತ್ತದೆ. ಕಡು ಬೇಸಿಗೆಯ ನಡುಹಗಲಿನಲ್ಲಿ ಗೋಡೆಗಳ ಮೇಲೆ ಬೀಳುವ ಬಿಸಿಲು ತೀರ ಓರೆ, ತಾರಸಿಯ ಮೇಲೆ ಬೀಳುವುದು ನೆಟ್ಟಗೆ. ಅದರಲ್ಲೂ 30×40 ಸೈಟುಗಳ ಬಡಾವಣೆಯಲ್ಲಿ ಅಕ್ಕಪಕ್ಕದ ಮನೆಗಳು ನಿಮ್ಮ ಗೋಡೆಗೆ ನೆರಳು ಕೊಟ್ಟಿರುತ್ತವೆ. ತಾರಸಿಗೆ ನೆರಳು ಕೊಡುವವರು ಯಾರೂ ಇಲ್ಲ.

ನಾಲ್ಕೈದು ಇಂಚಿನ ಆರ್‌ಸಿಸಿ ಹಗಲೆಲ್ಲ ಬಿಸಿಯನ್ನು ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಹೊರಗೆ ಗಾಳಿ ತಣ್ಣಗಾಗಿದ್ದರೂ ರಾತ್ರಿ ಹತ್ತಕ್ಕೆ ಕಾದ ಹೆಂಚಿನ ಕೆಳಗೆ ಮಲಗಿದ ಅನುಭವ. ಫ್ಯಾನು ಅದೇ ಬಿಸಿ ಗಾಳಿಯನ್ನು ಕೆಳಗೆ ನೂಕುತ್ತದೆ. ಎಸಿ ಹಾಕಿದರೆ ಅದು ಹೋರಾಡುವುದು ಹೊರಗಿನ ಸೆಕೆಯ ಜೊತೆಗಲ್ಲ, ನೀವೇ ಎರಕ ಹೊಯ್ಯಿಸಿದ ಕಾಂಕ್ರೀಟಿನ ಜೊತೆಗೆ.

ಇದಕ್ಕೆ ಅತಿ ಅಗ್ಗದ ಮದ್ದು ಬಿಳಿ ಬಣ್ಣ. ಬರಿಯ ಸಿಮೆಂಟ್ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಿಳಿ ಬಳಿದ ತಾರಸಿ ಸುಮಾರು ಮುಕ್ಕಾಲು ಪಾಲನ್ನು ವಾಪಸು ಕಳಿಸುತ್ತದೆ. ಸುಣ್ಣವಾದರೂ ಸರಿ, ಒಂದೆರಡು ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ಮತ್ತೆ ಬಳಿಯಬೇಕು. ಟೈಲ್ಸ್ ಅಂಗಡಿಯಲ್ಲಿ ಒಡೆದು ಬಿದ್ದ ಬಿಳಿ ಚೂರುಗಳನ್ನು ತಂದು ಕೂರಿಸಿದರೆ ವರ್ಷಗಟ್ಟಲೆ ನಿಲ್ಲುತ್ತದೆ, ನೀರೂ ಇಳಿಯುವುದಿಲ್ಲ. ಯಾವುದೇ ಆಗಲಿ, ಧೂಳು ಕೂತರೆ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಒಮ್ಮೆ ತೊಳೆಯಿರಿ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ತಾರಸಿಗಾಗಿ ಪ್ರತ್ಯೇಕ ನೀತಿಯನ್ನೇ ತಂದಿತು. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಅದೇ ಗಡಿಗೆ ಅಂಟಿಕೊಂಡಿವೆ, ಅದೇ ಬಿಸಿಲನ್ನು ಉಣ್ಣುತ್ತಿವೆ.

ಇನ್ನೂ ಸೂರು ಹಾಕಿಸದವರಿಗೆ ಇನ್ನೊಂದು ದಾರಿ ಇದೆ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವ ಕೆಲಸವನ್ನು ಹೆಚ್ಚೇನೂ ಮಾಡುವುದಿಲ್ಲ, ಅಲ್ಲಿ ದುಡಿಯುವುದು ಕಬ್ಬಿಣ. ಸರಳುಗಳ ನಡುವಿನ ಆ ಜಾಗಕ್ಕೆ ಎರಡೆರಡು ಮಂಗಳೂರು ಹೆಂಚುಗಳನ್ನು ಜೋಡಿಸಿಟ್ಟು ಮೇಲೆ ಕಾಂಕ್ರೀಟ್ ಹಾಕುವುದು ಫಿಲ್ಲರ್ ಸ್ಲ್ಯಾಬ್. ಕಾಂಕ್ರೀಟು ಉಳಿಯುತ್ತದೆ, ಹೆಂಚುಗಳ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಗೆ ಅಡ್ಡ ನಿಲ್ಲುತ್ತದೆ. ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ ಇಂಥ ಸೂರುಗಳನ್ನು ಬಡವರ ಮನೆಗಳಿಗೂ ಕಚೇರಿಗಳಿಗೂ ಹಾಕಿಸಿ ತೋರಿಸಿದರು. ಸರಳಿನ ಅಂತರವನ್ನು ಮಾತ್ರ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ. ಇದು ಅಂದಾಜಿನಲ್ಲಿ ಮಾಡುವ ಕೆಲಸವಲ್ಲ.

ಸೂರಿಗೆ ಮಣ್ಣು ಹೊದಿಸಿದ ಹಳೆಯ ಮಾಳಿಗೆ ಮನೆಗೆ ವಾಪಸು ಹೋಗಿ ಎಂದು ನಾವು ಹೇಳುತ್ತಿಲ್ಲ. ಅದು ತಂಪಾಗಿತ್ತು ನಿಜ. ಮಳೆಗೆ ಸೋರುತ್ತಿದ್ದುದೂ, ವರ್ಷ ವರ್ಷ ಮಣ್ಣು ಹೊತ್ತು ಹಾಕಬೇಕಾಗಿದ್ದುದೂ ಅಷ್ಟೇ ನಿಜ. ಆ ಕೆಲಸ ಮಾಡಿದ ಹೆಂಗಸರನ್ನು ಕೇಳಿದರೆ ಯಾರೂ ಅದನ್ನು ಮತ್ತೆ ಬಯಸುವುದಿಲ್ಲ.

ಪಡುವಣ ಗೋಡೆ, ಜಾರುವ ಕಿಟಕಿ

ತಾರಸಿ ಬಿಟ್ಟರೆ ಹೆಚ್ಚು ಕಾಡುವುದು ಪಶ್ಚಿಮದ ಗೋಡೆ. ದಕ್ಷಿಣದ ಬಿಸಿಲು ಮೇಲಿನಿಂದ ಬರುವುದರಿಂದ ಎರಡಡಿ ಸಜ್ಜಾ ಸಾಕು. ಇಳಿಹೊತ್ತಿನ ಬಿಸಿಲು ಸಜ್ಜಾದ ಕೆಳಗೇ ನುಗ್ಗುತ್ತದೆ. ವಾಸ್ತು ಪ್ರಕಾರ ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲಿ ಬರುತ್ತದೆ, ಅಂದರೆ ದಿನದ ಕೊನೆಯ ಬಿಸಿಲು ಕಾಯಿಸುವ ಮೂಲೆಯಲ್ಲಿ. ವಾಸ್ತು ಬಿಡಿ ಎಂದು ಯಾರ ಮನೆಯಲ್ಲೂ ಜಗಳ ಹಚ್ಚುವ ಇರಾದೆ ನಮಗಿಲ್ಲ. ಕೋಣೆ ಅಲ್ಲೇ ಇರಲಿ. ಪಶ್ಚಿಮಕ್ಕೆ ದೊಡ್ಡ ಗಾಜು ಬೇಡ, ಆ ಗೋಡೆಗೆ ಒಳಗಿನಿಂದ ಬೀರು, ವಾರ್ಡ್‌ರೋಬು ಬರಲಿ, ಹೊರಗೆ ಜಾಗವಿದ್ದರೆ ಒಂದು ಹೊಂಗೆ ಗಿಡ ನಿಲ್ಲಲಿ. ಅಟ್ಟ, ಮೆಟ್ಟಿಲು, ಬಚ್ಚಲು ಇಂಥವನ್ನೆಲ್ಲ ಪಡುವಣಕ್ಕೆ ತಳ್ಳಿದರೆ ಅವೇ ಬಿಸಿಗೆ ಎದೆಯೊಡ್ಡುತ್ತವೆ.

ಕಿಟಕಿಯ ಮಾತಿಗೆ ಬಂದರೆ ಎಲ್ಲರಿಗೂ ಈಗ ಅಲ್ಯೂಮಿನಿಯಂ ಸ್ಲೈಡಿಂಗೇ ಬೇಕು. ನಾಲ್ಕಡಿ ಕಿಟಕಿಗೆ ದುಡ್ಡು ಕೊಟ್ಟು ಎರಡಡಿ ಗಾಳಿ ಪಡೆಯುವ ವ್ಯಾಪಾರ ಅದು. ಒಂದು ಬಾಗಿಲು ಇನ್ನೊಂದರ ಹಿಂದೆ ಸರಿಯಬೇಕಾದ್ದರಿಂದ ಅರ್ಧ ಯಾವಾಗಲೂ ಮುಚ್ಚಿಯೇ ಇರುತ್ತದೆ. ಕೀಲಿನ ಮೇಲೆ ಹೊರಕ್ಕೆ ತೆರೆಯುವ ಹಳೆಯ ನಮೂನೆಯ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಹಾಗೆಯೇ ಬಿಸಿ ಗಾಳಿ ಏರುವುದು ಮೇಲಕ್ಕೆ, ಅದು ಹೊರಹೋಗಲು ಸೂರಿನ ಬುಡದಲ್ಲಿ ವೆಂಟಿಲೇಟರ್ ಬೇಕು. ಉತ್ತರ ಕರ್ನಾಟಕದ ಬೆಳಕಿಂಡಿ, ಹಳೆ ಮೈಸೂರಿನ ತೊಟ್ಟಿ ಇವೆರಡೂ ಮಾಡುತ್ತಿದ್ದ ಕೆಲಸ ಇದೇ.

ಆದರೆ ಒಂದು ಸತ್ಯ ಹೇಳದಿದ್ದರೆ ಮೇಲಿನ ಮಾತೆಲ್ಲ ಹುಸಿ. ನಮ್ಮ ಕಿಟಕಿಗಳನ್ನು ಮುಚ್ಚಿಸಿರುವುದು ಸೊಳ್ಳೆ. ಸಂಜೆ ಐದೂವರೆಗೆ ಎಲ್ಲ ಬಾಗಿಲು ಜಡಿದು ಕೂತರೆ ರಾತ್ರಿಯ ತಂಪು ಒಳಗೆ ಬರುವುದಾದರೂ ಹೇಗೆ? ಕಿಟಕಿಯ ಅಂದಾಜು ಪಟ್ಟಿಯಲ್ಲೇ ಜಾಲರಿ ಇರಲಿ, ಗಟ್ಟಿ ಗ್ರಿಲ್ ಇರಲಿ. ಆಗ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ಪೂರ್ತಿ ತೆರೆದಿಟ್ಟು ಮಲಗಬಹುದು. ಬಯಲುಸೀಮೆಯ ಒಣ ಹವೆಗೆ ಇಷ್ಟು ಶಿಸ್ತೇ ದೊಡ್ಡ ಕೂಲರ್.

ಕರಾವಳಿಯವರು ಇದನ್ನು ಪಾಲಿಸಬೇಡಿ. ಉಡುಪಿ, ಕಾರವಾರದಲ್ಲಿ ಸೆಕೆ ಬರುವುದು ತೇವದಿಂದ. ಅಲ್ಲಿ ಹಗಲು ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಹೆಂಚಿನ ಇಳಿಜಾರು ಮಾಡು, ಗೋಡೆ ನೆನೆಯದಂತೆ ಉದ್ದನೆಯ ಸೂರಂಚು, ಎದುರುಬದುರು ಕಿಟಕಿ ಬೇಕು. ಬೆಂಗಳೂರಿನ ಡಬ್ಬಿ ಮನೆಯ ಪ್ಲಾನನ್ನು ಮೊಬೈಲಿನಲ್ಲಿ ತರಿಸಿಕೊಂಡು ಕುಂದಾಪುರದಲ್ಲೂ ಕಟ್ಟುವುದು, ಸಿಂಧನೂರಿನಲ್ಲೂ ಕಟ್ಟುವುದು ನಿಲ್ಲಬೇಕು.

ಗೋಡೆಗೆ ಮಣ್ಣು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಎಂಬ ಘಟಕ ಶುರುವಾಯಿತು. ಹೊಗೆ ಇಲ್ಲದ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದದ್ದು ಅಲ್ಲಿಂದ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅದೇ ಬಳಗದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ದಶಕಗಳ ಕಾಲ ಕೆಲಸ ಮಾಡಿದ ವಸ್ತು ಮಡ್ ಬ್ಲಾಕ್, ಅಂದರೆ ಸುಡದೆ ಯಂತ್ರದಲ್ಲಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ. ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟ್, ಉಳಿದದ್ದು ಮರಳು ಸೇರಿಸಿದ ಮಣ್ಣು. ಗೂಡಿಗೆ ಸೌದೆಯಾಗಲಿ ಕಲ್ಲಿದ್ದಲಾಗಲಿ ಬೇಡ. ಅಷ್ಟೇ ಗೋಡೆಗೆ ಸುಟ್ಟ ಇಟ್ಟಿಗೆ ತಿನ್ನುವ ಇಂಧನದ ಮೂರರಲ್ಲೊಂದು ಪಾಲೂ ಇದಕ್ಕೆ ಬೇಕಿಲ್ಲ ಎಂಬುದು ಅವರ ಲೆಕ್ಕ.

ಮಣ್ಣು ಎಲ್ಲಿಂದ ತರುವುದು? ನಿಮ್ಮ ಸೈಟಿನಲ್ಲೇ ಇದೆ. 10,000 ಲೀಟರಿನ ಸಂಪಿಗೆ 10 ಘನ ಮೀಟರ್ ಮಣ್ಣು ತೆಗೆಯಲೇಬೇಕು. ಈಗ ಅದನ್ನು ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ಎಲ್ಲೋ ಸುರಿಸುತ್ತೇವೆ. ಅದೇ ಮಣ್ಣಿನಲ್ಲಿ 230×190×100 ಮಿಲಿಮೀಟರ್ ಅಳತೆಯ ಎರಡು ಸಾವಿರಕ್ಕೂ ಹೆಚ್ಚು ಬ್ಲಾಕ್ ಆಗುತ್ತವೆ. ಬೇರು, ಗೊಬ್ಬರ ಇರುವ ಮೇಲ್ಮಣ್ಣನ್ನು ಗಿಡಗಳಿಗೆ ಎತ್ತಿಟ್ಟು ಕೆಳಗಿನದನ್ನು ಬಳಸಿ. ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ ಕುಲುಕಿ, ಒಂದು ರಾತ್ರಿ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನಯ ಮಣ್ಣು, ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಜೇಡಿ ಹೆಚ್ಚು ಕಂಡರೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕು. ಎರೆ ಮಣ್ಣು ಈ ಕೆಲಸಕ್ಕೆ ಒಗ್ಗುವುದಿಲ್ಲ. ಎರೆ ನಾಡಿನವರಿಗೆ ಹತ್ತಿರದ ಕಲ್ಲೇ ವಾಸಿ, ಕರಾವಳಿಯವರಿಗೆ ಕೆಂಪು ಕಲ್ಲು ಇದ್ದೇ ಇದೆ.

‘ಮಣ್ಣಿನ ಮನೆ ಕಟ್ಟಿದರೆ ನೆಂಟರು ಏನಂದಾರು?’ ಈ ಮಾತನ್ನು ಎಲ್ಲ ಕಡೆ ಕೇಳಿದ್ದೇವೆ. ಬೆಂಗಳೂರಿನಲ್ಲಿ ಉಳ್ಳವರು ಆರ್ಕಿಟೆಕ್ಟ್‌ಗಳಿಗೆ ಶುಲ್ಕ ಕೊಟ್ಟು ಗಿಲಾವು ಇಲ್ಲದ ಮಣ್ಣಿನ ಗೋಡೆಗಳನ್ನು ಕಟ್ಟಿಸಿಕೊಳ್ಳುತ್ತಿದ್ದಾರೆ ಎಂದು ನೆಂಟರಿಗೆ ತಿಳಿಸಿ. ‘ಮೇಸ್ತ್ರಿಗೆ ಬರುವುದಿಲ್ಲ’ ಎಂಬ ಇನ್ನೊಂದು ಮಾತಿಗೆ ಹೆಚ್ಚು ತೂಕವಿದೆ. ಮೂರು ನಾಲ್ಕು ವಾರ ಗೋಣಿ ಹೊದಿಸಿ ನೀರುಣಿಸದ ಬ್ಲಾಕು ಪುಡಿಯಾಗುತ್ತದೆ, ಮಳೆಯ ಎರಚಲಿಗೆ ತಕ್ಕ ಸಜ್ಜಾ ಇಲ್ಲದ ಗೋಡೆ ಸವೆಯುತ್ತದೆ. ಆತುರದ ಮೇಸ್ತ್ರಿಯ ಕೈಯಲ್ಲಿ ಕೊಡುವುದಾದರೆ ಈ ತಂಟೆಯೇ ಬೇಡ, ಸುಟ್ಟ ಇಟ್ಟಿಗೆಯಲ್ಲೇ ಕಟ್ಟಿ, ತಾರಸಿಯ ಮೇಲೆ ಗಮನವಿಡಿ. ಅಗ್ಗವಾಗುತ್ತದೆ ಎಂಬ ಆಸೆಯನ್ನೂ ನಾವು ಹುಟ್ಟಿಸುವುದಿಲ್ಲ. ಕೂಲಿ ದುಬಾರಿಯಾದ ಊರಿನಲ್ಲಿ ಖರ್ಚು ಸರಿಸಮ ಆದೀತು.

ಇನ್ನು ಯಂತ್ರಗಳ ಲೆಕ್ಕ

ಹಳೆಯ ನಮೂನೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಫ್ಯಾನು 30 ವ್ಯಾಟ್‌ನಲ್ಲಿ ತಿರುಗಿ 11 ಯೂನಿಟ್‌ಗೆ ಮುಗಿಸುತ್ತದೆ. ನಾಲ್ಕು ಜನರ ಸ್ನಾನಕ್ಕೆ ನೂರು ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡಲು ಗೀಜರಿಗೆ ದಿನಕ್ಕೆ ಸುಮಾರು ಮೂರು ಯೂನಿಟ್ ಬೇಕು, ಅಂದರೆ ತಿಂಗಳಿಗೆ 90. ಎರಡು ಚದರ ಮೀಟರಿನ ಸೋಲಾರ್ ಹೀಟರ್ ಇದನ್ನು ಮಳೆಗಾಲದ ಕೆಲವು ವಾರ ಬಿಟ್ಟು ಉಳಿದಂತೆ ಪುಕ್ಕಟೆ ಮಾಡುತ್ತದೆ. ಅದರ ಪೈಪಿಗೆ ಸ್ಲ್ಯಾಬ್ ಹಾಕುವ ಮೊದಲೇ ದಾರಿ ಬಿಡಿ, ಬಚ್ಚಲನ್ನು ಟ್ಯಾಂಕಿನ ಹತ್ತಿರವೇ ಇಡಿ. ಪೈಪು ಉದ್ದವಾದಷ್ಟೂ ಬಿಸಿನೀರು ಬರುವ ತನಕ ತಣ್ಣೀರು ಚರಂಡಿಗೆ ಹರಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುವುದನ್ನೂ ಮೊದಲೇ ವಿಚಾರಿಸಿ.

ಒಂದೂವರೆ ಟನ್ನಿನ ಎಸಿ ಒಂದು ರಾತ್ರಿಗೆ ಎಂಟು ಯೂನಿಟ್ ಆಸುಪಾಸು ತಿನ್ನುತ್ತದೆ, ತಿಂಗಳಿಗೆ 240. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿ 200 ಯೂನಿಟ್, ಅದನ್ನು ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಖಂಡಿತ ಪಡೆಯಿರಿ. ಆದರೆ ಎರಡು ಕಿಲೋವ್ಯಾಟ್ ಫಲಕಗಳು ದಿನಕ್ಕೆ ಕೊಡುವುದು ಸುಮಾರು ಎಂಟು ಯೂನಿಟ್. ಬೇಯುವ ಕೋಣೆಯ ಒಂದೇ ಎಸಿ ಅಷ್ಟನ್ನೂ ನುಂಗಿದರೆ ಸೋಲಾರ್ ಹಾಕಿದ್ದು ಯಾತಕ್ಕೆ? ಮೊದಲು ತಾರಸಿಯನ್ನು ತಣಿಸಿದ ಮನೆಗೆ ಅದೇ ಎಂಟು ಯೂನಿಟ್ ದೀಪ, ಫ್ಯಾನು, ಫ್ರಿಜ್, ಮಿಕ್ಸಿ ಎಲ್ಲಕ್ಕೂ ಸಾಕಾಗಿ ಮಿಕ್ಕೀತು.

ಪಂಚಾಯಿತಿಯವರಿಗೆ

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗೆಂದೇ ಇಕೋ ನಿವಾಸ್ ಸಂಹಿತೆಯನ್ನು ರೂಪಿಸಿತು. ಆಗ ಅದು ಲೆಕ್ಕಕ್ಕೆ ತೆಗೆದುಕೊಂಡದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳನ್ನು. 30×40 ಸೈಟು 112 ಚದರ ಮೀಟರ್ ಕೂಡ ಆಗುವುದಿಲ್ಲ. ಅಂದರೆ ಸಣ್ಣ ಮನೆಗಳ ಸೆಕೆ ಯಾವ ನಿಯಮದ ಕಣ್ಣಿಗೂ ಬಿದ್ದಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಗುತ್ತಿಗೆದಾರರಿಗೆ ಜಾಗವಿಲ್ಲ, ಫಲಾನುಭವಿಯೇ ನಿಂತು ಕಟ್ಟಿಸಬೇಕು. ಬಯಲು ಪ್ರದೇಶದಲ್ಲಿ ಒಂದು ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಆ ಹಣದಲ್ಲಿ ಎದ್ದ ಒಂದಂಕಣದ ಮನೆಗೆ ಎಸಿ ಎಂಬುದು ಕನಸಿನಲ್ಲೂ ಇಲ್ಲ. ಬೇಸಿಗೆಯಲ್ಲಿ ಬಾಣಂತಿಯರೂ ವಯಸ್ಸಾದವರೂ ಬೇಯುವುದು ಅಲ್ಲಿ.

ನಮ್ಮ ಬೇಡಿಕೆ ದೊಡ್ಡದಲ್ಲ. ವಸತಿ ಯೋಜನೆಯ ಮನೆಗಳ ಕೊನೆಯ ಕಂತಿನ ಹೊತ್ತಿಗೆ ತಾರಸಿ ಬಿಳಿಯಾಗಿರಲಿ, ಅದರ ಖರ್ಚು ಅಂದಾಜಿನಲ್ಲೇ ಸೇರಲಿ. ಮಡ್ ಬ್ಲಾಕ್ ಒತ್ತುವ ಒಂದು ಕೈಯಂತ್ರವನ್ನು ಪಂಚಾಯಿತಿ ಕೊಂಡು ಬಾಡಿಗೆಗೆ ಕೊಡಲಿ. ತಾಲ್ಲೂಕಿಗೆ ಹತ್ತು ಮೇಸ್ತ್ರಿಗಳಿಗಾದರೂ ಫಿಲ್ಲರ್ ಸ್ಲ್ಯಾಬ್ ತರಬೇತಿ ಸಿಗಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮೂರನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಉತ್ತರ ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ: ಮಾರ್ಚ್ ಮುಗಿಯುವ ಮೊದಲು ಊರಿನ ಶಾಲೆ, ಅಂಗನವಾಡಿಯ ತಾರಸಿಗಳಿಗೆ ಸುಣ್ಣ ಬಳಿಯುವುದು. ಅದಕ್ಕೆ ಬೇಕಾಗುವುದು ಕೆಲವು ಚೀಲ ಸುಣ್ಣ, ಒಂದಿಷ್ಟು ಅಂಟು, ಉದ್ದ ಹಿಡಿಯ ಬ್ರಷ್ಷು, ಒಂದು ಭಾನುವಾರ.

ಈ ಕರಪತ್ರವನ್ನು ಯಾರು ಬೇಕಾದರೂ ಪ್ರತಿ ಮಾಡಿಸಿ ಹಂಚಬಹುದು. ಒಂದನ್ನು ನಿಮ್ಮ ಮೇಸ್ತ್ರಿಗೆ ಕೊಡಿ, ಸ್ಲ್ಯಾಬ್ ಹಾಕುವ ಮೊದಲು.